ಕೈ ಬಿಟ್ಟರೂ ನಿಲ್ಲದ ಹಡಗು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮಲಗುವ ಕೋಣೆಯ ನೆಲದ ಮೇಲೆ ಐವತ್ತು ದಾಟಿದ ಒಬ್ಬರು ಅಂಗಾತ ಮಲಗಿದ್ದಾರೆ. ಕಾಣುವುದು ಸೊಂಟದಿಂದ ಕೆಳಗೆ ಮಾತ್ರ, ಉಳಿದ ಅರ್ಧ ಮೈ ತಗಡಿನ ದೊಡ್ಡ ಮೇಜೊಂದರ ಅಡಿಯಲ್ಲಿದೆ. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಒಂದೊಂದೇ ವೈರನ್ನು ಮೆಲ್ಲಗೆ ಎಳೆದು ನೋಡುತ್ತಿದ್ದಾರೆ. ನಾನು ಏನು ಕೇಳಿದರೂ "ಊಂ" ಇಲ್ಲವೇ "ಉಹೂಂ", ಅಷ್ಟೇ ಉತ್ತರ.

"ಬಾಯಿಂದ ಅದನ್ನ ತೆಗೆದು ಮಾತಾಡೋ. ಪಾಪ, ಪೇಪರಿನೋರು ಆಗ್ಲಿಂದ ಕಾಯ್ತಿದಾರೆ" ಎಂದು ಹಿಂದಿನ ಸ್ಟೂಲಿನಿಂದ ಅವರ ತಾಯಿ ಗದರುತ್ತಾರೆ.

ಈ ಕೋಣೆಯಲ್ಲಿ ಮಂಚವಿಲ್ಲ, ಬೀರುವಿಲ್ಲ. ಇರುವುದು ಒಂದು ಹಡಗು. ನೀರಿನದಲ್ಲ, ಆಕಾಶದ್ದು. ಕಂಪ್ಯೂಟರ್ ಆಟದಲ್ಲಿ ಅಂತರಿಕ್ಷ ಹಡಗು ಓಡಿಸುವವರು ಕೂರುವ ಚಾಲಕನ ಕೋಣೆಯನ್ನು ಇವರು ಮನೆಯಲ್ಲೇ, ತಮ್ಮ ಕೈಯಾರೆ ಕಟ್ಟಿದ್ದಾರೆ. ಎದುರಿಗೆ ಮೂರು ಹಳೆಯ ಪರದೆಗಳು, ಅವುಗಳಲ್ಲಿ ನಕ್ಷತ್ರಗಳು ಇರುವೆ ಸಾಲಿನಷ್ಟು ನಿಧಾನವಾಗಿ ಪಕ್ಕಕ್ಕೆ ಸರಿಯುತ್ತಿವೆ. ಪರದೆಗಳ ಕೆಳಗೆ ಲಿಫ್ಟಿನೊಳಗೆ ಇರುತ್ತದಲ್ಲ, ಅದೇ ಸ್ಟೀಲಿನ ಗುಂಡಿಗಳ ಫಲಕ. ಅದರ ಮುಂದೆ ಬಸ್ ಡ್ರೈವರ್ ಕೂರುವ ಸೀಟು.

ಸೀಟು ಖಾಲಿ. ಅದರಲ್ಲಿ ಕೂರುತ್ತಿದ್ದಾಕೆ, ಇವರ ಹೆಂಡತಿ, ತೀರಿಕೊಂಡು ಕೆಲವು ವಾರಗಳಾಗಿವೆ. ಅವರು ಬಿಟ್ಟ ಹಡಗು ಮಾತ್ರ ಇನ್ನೂ ಓಡುತ್ತಿದೆ. ಇವತ್ತು ಬೆಳಿಗ್ಗೆ ಅದು ಕೊನೆಯ ನಿಲ್ದಾಣ ತಲುಪಬೇಕು. ತಲುಪಿದಾಗ ಯಾರಾದರೂ ಕೆಂಪು ಗುಂಡಿ ಒತ್ತಿ ನಿಲ್ಲಿಸಬೇಕು, ಒತ್ತದಿದ್ದರೆ ಹಡಗು ನಿಲ್ದಾಣ ದಾಟಿ ಕತ್ತಲಿಗೆ ಹೋಗುತ್ತದೆ. ವಾಪಸು ಬರುವಷ್ಟು ಇಂಧನ ಅದರಲ್ಲಿಲ್ಲ. ಮೇಜಿನಡಿ ಮಲಗಿರುವವರು ಪರೀಕ್ಷಿಸುತ್ತಿರುವುದು ಆ ಕೆಂಪು ಗುಂಡಿಯ ವೈರುಗಳನ್ನು.

ಬೀದಿಯವರ ಬಾಯಲ್ಲಿ ಇವರು ಲಿಫ್ಟಣ್ಣ. ಕೆಟ್ಟು ನಿಂತ ಲಿಫ್ಟುಗಳನ್ನು ರಿಪೇರಿ ಮಾಡುವುದು ಕಸುಬು. ನನಗೆ ಇವರ ಪರಿಚಯವಾದದ್ದು ಸ್ಟೀಲಿನ ಬಾಗಿಲಿನ ಆಚೆಯಿಂದ. ಕೆಲವು ದಿನಗಳ ಹಿಂದೆ ನಮ್ಮ ಕಚೇರಿಯ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತ್ತು. ಒಳಗೆ ನಾನೊಬ್ಬಳೇ, ಜೀವ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ತಲೆಯ ಮೇಲಿಂದ ಒಂದು ದನಿ ಕೇಳಿತು: "ಹೆದರ್ಬೇಡಿ ಮೇಡಂ. ನಿಂತಿದೆ ಅಂದ್ರೆ ಅದು ಒಳ್ಳೇದೇ. ನಿಲ್ದೇ ಇದ್ರೆ ಹೆದರ್ಬೇಕು." ಬಾಗಿಲು ತೆಗೆದು ನನ್ನನ್ನು ಇಳಿಸಿದವರೇ ಚೀಲ ಕಟ್ಟತೊಡಗಿದರು. ನೀರಾದರೂ ಕುಡಿದು ಹೋಗಿ ಎಂದೆ. "ಇಲ್ಲ ಮೇಡಂ, ಮನೇಲಿ ಹಡಗು ಓಡ್ತಿದೆ. ಅಮ್ಮ ಒಬ್ರೇ ನೋಡ್ಕೊಂಡಿದಾರೆ" ಎಂದು ಮೆಟ್ಟಿಲು ಇಳಿದೇಬಿಟ್ಟರು. ಇಂಥ ಮಾತು ಕೇಳಿದ ಮೇಲೆ ಪತ್ರಿಕೆಯವಳು ಸುಮ್ಮನಿರುತ್ತಾಳೆಯೇ? ಹಿಂದೆಯೇ ಹೋದೆ.

ಸುಳ್ಳೇಕೆ ಹೇಳಲಿ, ಕಂಪ್ಯೂಟರ್ ಆಟ ಅಂದರೆ ನನಗೆ ಅಷ್ಟಕ್ಕಷ್ಟೆ. ದೊಡ್ಡವರು ಮಕ್ಕಳ ಹಾಗೆ ಪರದೆಯ ಮುಂದೆ ಕೂತು ಗುಂಡು ಹಾರಿಸುವುದನ್ನು ನೋಡಿದರೆ ಮೈ ಉರಿಯುತ್ತದೆ. ಈ ಮನೆಯ ಹಡಗಿನಲ್ಲಿ ಗುಂಡು ಹಾರಿಸುವ ಗುಂಡಿಯೇ ಇಲ್ಲ. "ಅದ್ಯಾಕೆ ಬೇಕು ಅಂದ್ಲು. ಜನ ಹತ್ತೋ ಗಾಡೀಲಿ ಬಂದೂಕ ಇಡ್ತಾರೇನ್ರೀ ಅಂತ ಕೇಳಿದ್ಲು" ಎನ್ನುತ್ತಾರೆ ಲಿಫ್ಟಣ್ಣ.

ಹಾಗೆ ಕೇಳಿದಾಕೆ ಬಸ್ ಓಡಿಸುತ್ತಿದ್ದವರು. ಬೀದಿಗೆಲ್ಲ ಡ್ರೈವರಕ್ಕ. ಇವರಿಬ್ಬರ ಮದುವೆಯ ಕಥೆಯನ್ನು ತಾಯಿಯ ಬಾಯಲ್ಲೇ ಕೇಳಬೇಕು. "ಇವನು ಕೆಲ್ಸಕ್ಕೆ ಅವಳ ಬಸ್ಸಲ್ಲೇ ಹೋಗ್ತಿದ್ದ. ಇಳಿಯೋ ಸ್ಟಾಪ್ ಬಂದ್ರೆ ಇಳೀತಿರ್ಲಿಲ್ಲ ತಾಯಿ. ಕೊನೇ ಸ್ಟಾಪ್ ತನಕ ಕೂತಿದ್ದು, ಅಲ್ಲಿಂದ ನಡ್ಕೊಂಡು ವಾಪಸ್ ಬರೋನು. ದಿನಾ ಲೇಟು, ದಿನಾ ಬೈಗುಳ. ನಂಗೇನು ಗೊತ್ತು, ಮಗನಿಗೆ ಕಣ್ಣು ಮಂಜಾಗಿದೆ ಅಂದ್ಕೊಂಡಿದ್ದೆ."

"ಒಂದಿನ ಅವಳೇ ಎದ್ದು ಬಂದು ನಿಂತ್ಲು" ಎಂದು ಮಗ ಮೇಜಿನಡಿಯಿಂದಲೇ ಮುಂದುವರಿಸುತ್ತಾರೆ. ಟಾರ್ಚ್ ಈಗ ಕೈಗೆ ಬಂದಿದೆ. "ಕೊನೇ ಸ್ಟಾಪ್ ಬಂತು ಸ್ವಾಮಿ, ಇಳೀರಿ. ಬಸ್ಸಲ್ಲೇ ಮನೆ ಮಾಡ್ತೀರಾ ಅಂದ್ಲು. ನೀವು ಇರ್ತೀರಾದ್ರೆ ಮಾಡ್ತೀನಿ ಅಂದೆ. ಅವತ್ತು ಅಷ್ಟು ಧೈರ್ಯ ಎಲ್ಲಿಂದ ಬಂತೋ ಕಾಣೆ."

ಮದುವೆಯಾದರು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಮನೆಯಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ, ನಾನೂ ಕೇಳಲಿಲ್ಲ. ಒಬ್ಬರು ಬೆಳಗಿನಿಂದ ಸಂಜೆಯ ತನಕ ಮೇಲೆ ಕೆಳಗೆ, ಇನ್ನೊಬ್ಬರು ಅತ್ತ ಇತ್ತ. ರಾತ್ರಿ ಊಟಕ್ಕೆ ಕೂತಾಗ ಯಾರ ಗಾಡಿಯಲ್ಲಿ ಎಂಥೆಂಥವರು ಹತ್ತಿದರು ಅನ್ನುವುದೇ ಮಾತು. ಎಷ್ಟೋ ವರ್ಷ ಹಾಗೇ ಚೆನ್ನಾಗಿ ನಡೆಯಿತು.

ಆಮೇಲೆ ಡ್ರೈವರಕ್ಕನ ಬಲಗೈ ಸೋಲತೊಡಗಿತು. ಮೊದಲು ಬೀಗ ತೆಗೆಯುವಾಗ ಕೀಲಿ ಜಾರುತ್ತಿತ್ತು. ಬಟ್ಟೆ ಹಿಂಡುವಾಗ ಬೆರಳು ಮಡಚುತ್ತಿರಲಿಲ್ಲ. ಕೆಲಸದ ಸುಸ್ತು ಅಂದುಕೊಂಡರು. ಒಂದು ಮಧ್ಯಾಹ್ನ ತುಂಬಿದ ಬಸ್ಸು ಓಡಿಸುತ್ತಿದ್ದಾಗ ಸ್ಟೀರಿಂಗ್ ತಿರುಗಿಸಹೋದರು, ಬಲಗೈ ಬರಲೇ ಇಲ್ಲ. ಹೇಗೋ ಮಾಡಿ ಬಸ್ಸನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಜನ ಗೊಣಗಿಕೊಂಡು ಇಳಿದು ನಡೆದರು. ಬೇರೆ ಡ್ರೈವರ್ ಬಂದು ಬಸ್ಸನ್ನು ಡಿಪೋಗೆ ತೆಗೆದುಕೊಂಡು ಹೋದರು. ಡ್ರೈವರಕ್ಕ ಮತ್ತೆ ಬಸ್ ಮುಟ್ಟಲಿಲ್ಲ.

"ನರದ ಕಾಯಿಲೆ ಅಂದ್ರು ಡಾಕ್ಟ್ರು. ಕೈಯಿಂದ ಶುರುವಾಗಿ ಒಂದೊಂದೇ ಭಾಗ ಸೋಲ್ತಾ ಹೋಗುತ್ತೆ, ಔಷಧಿ ಇಲ್ಲ ಅಂದ್ರು. ಅದನ್ನ ಕೇಳಿ ಅವಳು ಅಳ್ಲಿಲ್ಲ ಮೇಡಂ. ಮನೆಗೆ ಬಂದು ಬೂಟು ಬಿಚ್ತಾ, ಇಷ್ಟು ವರ್ಷದಲ್ಲಿ ಒಂದು ಟ್ರಿಪ್ಪನ್ನೂ ಅರ್ಧಕ್ಕೆ ಬಿಟ್ಟಿರ್ಲಿಲ್ಲ ಕಣ್ರೀ, ಕೊನೇದೇ ಅರ್ಧಕ್ಕೆ ನಿಂತ್ಹೋಯ್ತು ಅಂದ್ಲು. ಆಗ ಅತ್ಲು." ಲಿಫ್ಟಣ್ಣ ಇಷ್ಟು ಹೇಳಿ ಮತ್ತೆ ಟಾರ್ಚನ್ನು ಬಾಯಿಗೆ ಕಚ್ಚಿಕೊಳ್ಳುತ್ತಾರೆ.

ಹಡಗಿನ ಹುಟ್ಟು ಅಲ್ಲಿಂದ. ಯಾವುದೋ ಕಟ್ಟಡದಲ್ಲಿ ಬಿಸಾಡಲು ಇಟ್ಟಿದ್ದ ಹಳೆಯ ಕಂಪ್ಯೂಟರೊಂದನ್ನು ಕೇಳಿ ತಂದರು, ಹೆಂಡತಿಗೆ ಹೊತ್ತು ಹೋಗಲಿ ಎಂದು. ಅದರಲ್ಲಿ ಈ ಆಟವಿತ್ತು. ಒಂದು ನಿಲ್ದಾಣದಿಂದ ಸರಕನ್ನೋ ಜನರನ್ನೋ ಹತ್ತಿಸಿಕೊಂಡು ಇನ್ನೊಂದು ನಿಲ್ದಾಣಕ್ಕೆ ಮುಟ್ಟಿಸುವುದು. ಡ್ರೈವರಕ್ಕ ಸ್ವಲ್ಪ ಹೊತ್ತು ನೋಡಿ, "ಅಯ್ಯೋ, ಇದು ಬಸ್ಸೇ ಅಲ್ವೇನ್ರೀ!" ಎಂದರಂತೆ. ಆದರೆ ಕೀಬೋರ್ಡಿನ ಸಣ್ಣ ಸಣ್ಣ ಗುಂಡಿಗಳ ಮೇಲೆ ಅವರ ಬೆರಳು ನಿಲ್ಲುತ್ತಿರಲಿಲ್ಲ. ಲಿಫ್ಟಿನ ಗುಂಡಿ ಹಾಗಲ್ಲ. ಮುದುಕರೂ ಒತ್ತುವಂತಿರಬೇಕು, ಎರಡೂ ಕೈಯಲ್ಲಿ ಚೀಲ ಹಿಡಿದವರು ಮೊಣಕೈಯಲ್ಲೂ ಒತ್ತುವಂತಿರಬೇಕು. ಕಿತ್ತು ಹಾಕಿದ ಲಿಫ್ಟುಗಳ ಫಲಕಗಳು ಒಂದೊಂದಾಗಿ ಮನೆಗೆ ಬರತೊಡಗಿದವು.

ಹಾಗಾಗಿ ಈ ಹಡಗಿನ ಎಲ್ಲ ಗುಂಡಿಗಳ ಮೇಲೂ ಮಹಡಿಯ ಅಂಕಿಗಳಿವೆ. ಒಂದು ಒತ್ತಿದರೆ ದೀಪ, ಎರಡು ಒತ್ತಿದರೆ ಇಳಿಯುವ ಕಾಲುಗಳು, ಬಾಗಿಲು ತೆರೆಯುವ ಗುಂಡಿ ಒತ್ತಿದರೆ ಸರಕಿನ ಬಾಗಿಲು. ಸೀಟು ಗುಜರಿಯಿಂದ ತಂದದ್ದು. ಡ್ರೈವರಕ್ಕನೇ ಅಲ್ಲಿಗೆ ಹೋಗಿ, ಒಂದೊಂದರಲ್ಲೂ ಕೂತು ನೋಡಿ ಆರಿಸಿದರು. ಆಮೇಲೆ ಕನ್ನಡಿ ಬೇಕು ಎಂದರು. ಆಕಾಶದಲ್ಲಿ ಹಿಂದೆ ಯಾವ ಗಾಡಿ ಬರುತ್ತದೆ ಎಂದು ಗಂಡ ಕೇಳಿದರೆ, "ಗಾಡಿ ಬರ್ದಿದ್ರೇನು, ಪ್ಯಾಸೆಂಜರ್ ಕಾಣ್ಬೇಡ್ವಾ?" ಎಂಬ ಉತ್ತರ. ಎಡಕ್ಕೊಂದು ಬಲಕ್ಕೊಂದು ಬಸ್ಸಿನ ಕನ್ನಡಿ ಕೂತವು.

ಪ್ಯಾಸೆಂಜರ್ ಅಂದರೆ ಅತ್ತೆ. "ಇದು ನನ್ನ ಕೋಣೆ ಕಣಮ್ಮಾ" ಎನ್ನುತ್ತಾರೆ ಆ ತಾಯಿ ಸ್ಟೂಲಿನ ಮೇಲಿಂದ. "ನನ್ನ ಮಂಚ ಎತ್ತಿ ಹೊರಗೆ ಹಾಕಿ ಆಕಾಶಕ್ಕೆ ಬಸ್ ಬಿಟ್ರು ಗಂಡ ಹೆಂಡ್ತಿ. ನಾನೂ ಬಿಡ್ಲಿಲ್ಲ. ಬೆಳಿಗ್ಗೆ ಬೆಳಿಗ್ಗೆನೇ ಬಂದು ಇಲ್ಲೇ ಕೂತೆ. ಟಿಕೆಟ್ ಎಲ್ಲಿ ಅಂತ ಇವನು ಕೇಳಿದ್ರೆ, ಕೋಣೆ ಬಾಡಿಗೆ ಎಲ್ಲಿ ಅಂತ ನಾನು ಕೇಳ್ತಿದ್ದೆ."

ಬಸ್ಸಿಗೆ ಕಂಡಕ್ಟರ್ ಬೇಡವೇ? ಆ ಕೆಲಸ ಗಂಡನ ಪಾಲಿಗೆ ಬಂತು. ಚಾವಣಿಯಿಂದ ಒಂದು ಹಗ್ಗ ಇಳಿಬಿಟ್ಟು ಅದರ ಮೇಲಿನ ತುದಿಗೆ ಹಳೆಯ ಲಿಫ್ಟಿನ ಗಂಟೆ ಕಟ್ಟಿದ್ದಾರೆ. ಒಂದು ಸಲ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ಹೊರಡು. ಬೆಳಗಿನ ಹೊತ್ತು ಕೈಗೆ ಸ್ವಲ್ಪ ಶಕ್ತಿ ಇರುತ್ತಿದ್ದರಿಂದ, ಗಂಡ ಕೆಲಸಕ್ಕೆ ಹೊರಡುವ ಮುಂಚೆ ಡ್ರೈವರಕ್ಕನ ಡ್ಯೂಟಿ. ಲಿಫ್ಟಣ್ಣ ಹಗ್ಗ ಎರಡು ಸಲ ಎಳೆದು "ರೈಟ್... ರೈಟ್!" ಎಂದು ಕೂಗುವುದು ಪಕ್ಕದ ಮನೆಯವರಿಗೂ ಕೇಳುತ್ತಿತ್ತಂತೆ. ಮೊದಮೊದಲು ಬೀದಿಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಕಾಯಿಲೆ ಹೆಂಡತಿಗೋ ಗಂಡನಿಗೋ ಎಂದು ಕೇಳಿದವರೂ ಇದ್ದಾರೆ.

ಈ ಹಡಗಿನಲ್ಲಿ ಒಂದು ತಪ್ಪಿತ್ತು. ಲಿಫ್ಟಿನ ಕೆಲಸದವರು ಬಿಟ್ಟರೆ ಇನ್ಯಾರೂ ಮಾಡಲಾರದ ತಪ್ಪು.

ಲಿಫ್ಟ್ ರಿಪೇರಿ ಮಾಡುವವರು ಎಷ್ಟೋ ಸಲ ಲಿಫ್ಟಿನ ತಲೆಯ ಮೇಲೆ ನಿಂತು ಅದನ್ನು ಓಡಿಸುತ್ತಾರೆ. ಅಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಲಿಫ್ಟು ಚಲಿಸುತ್ತದೆ, ಬೆರಳು ತೆಗೆದ ಕ್ಷಣ ನಿಲ್ಲುತ್ತದೆ. ಕೆಲಸದವನು ಜಾರಿದರೂ ಎಚ್ಚರ ತಪ್ಪಿದರೂ ಅವನ ಜೀವ ಉಳಿಯಲಿ ಎಂದು ಮಾಡಿದ ಏರ್ಪಾಡು ಅದು. ಲಿಫ್ಟಣ್ಣನಿಗೆ ಕೆಲಸ ಕಲಿಸಿದ ಮೇಸ್ತ್ರಿಯ ಒಂದು ಕಾಲು ಹೋದದ್ದು ಹಾಗೆ ನಿಲ್ಲದ ಒಂದು ಲಿಫ್ಟಿನಿಂದ. "ಕೈ ಬಿಟ್ರೆ ನಿಲ್ಬೇಕು. ಮೇಸ್ತ್ರಿ ನಂಗೆ ಮೊದ್ಲು ಕಲಿಸಿದ ಮಾತೇ ಇದು. ನನ್ನ ಕೈಗೆ ಬೇರೆ ಥರ ವೈರ್ ಎಳ್ಯೋಕೇ ಬರಲ್ಲ" ಎನ್ನುತ್ತಾರೆ. ಹಡಗನ್ನೂ ಹಾಗೇ ಮಾಡಿದರು. ಸೀಟಿನ ಬಲಗಡೆಯ ಹಿಡಿಯನ್ನು ಒತ್ತಿ ಹಿಡಿದರೆ ಓಡಬೇಕು, ಬಿಟ್ಟರೆ ನಿಲ್ಲಬೇಕು. ಒಳ್ಳೆಯದನ್ನೇ ಮಾಡಿದ್ದೇನೆ ಅಂದುಕೊಂಡಿದ್ದರು.

ಹಡಗು ಆಗಾಗ ದಾರಿಯ ಮಧ್ಯೆ ನಿಲ್ಲುತ್ತಿತ್ತು. ನಿಂತಾಗೆಲ್ಲ ಡ್ರೈವರಕ್ಕ, "ಸ್ಟಾಪ್ ಬಂತು ಕಣ್ರೀ. ಇರಿ, ಜನ ಇಳೀಲಿ" ಅನ್ನುತ್ತಿದ್ದರು. ಅತ್ತೆ ನಗುತ್ತಿದ್ದರು, ಗಂಡನೂ ನಗುತ್ತಿದ್ದರು. ಕಂಡಕ್ಟರ್ ಆದ ತಪ್ಪಿಗೆ ಒಂದಷ್ಟು ಹೊತ್ತು ಕಾದು ಮತ್ತೆ ಎರಡು ಗಂಟೆ ಹೊಡೆಯುತ್ತಿದ್ದರು. ಡ್ರೈವರಕ್ಕ ಹಿಡಿ ಒತ್ತುತ್ತಿದ್ದರು, ಹಡಗು ಹೊರಡುತ್ತಿತ್ತು. ಬರಬರುತ್ತಾ ಸ್ಟಾಪುಗಳು ಹತ್ತಿರ ಹತ್ತಿರವಾದವು. "ಏನೇ ಇದು, ಮನೆ ಮನೆಗೂ ಸ್ಟಾಪ್ ಕೊಡ್ತಿದೀಯಲ್ಲ" ಎಂದು ಗಂಡ ರೇಗಿಸಿದರೆ, "ವಯಸ್ಸಾದೋರು ಇರ್ತಾರೆ ರೀ, ಎಷ್ಟು ದೂರ ಅಂತ ನಡೀತಾರೆ" ಎಂದು ಉತ್ತರ ಸಿದ್ಧವಾಗಿರುತ್ತಿತ್ತು.

ಒಂದು ಬೆಳಿಗ್ಗೆ ಯಾವುದೋ ವೈರು ಸಡಿಲವಾಗಿದೆ ಎಂದು ಲಿಫ್ಟಣ್ಣ ಮೇಜಿನಡಿ ಮಲಗಿದ್ದರು, ಇವತ್ತು ಮಲಗಿರುವ ಹಾಗೇ. ಮೇಲೆ ಹೆಂಡತಿ ಹಡಗು ಓಡಿಸುತ್ತಿದ್ದರು. ಕೆಳಗಿನಿಂದ ಇವರಿಗೆ ಆಕೆಯ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು.

"ಹೆಬ್ಬೆರಳು ನಡುಗ್ತಿತ್ತು ಮೇಡಂ. ಅವಳು ಎಡಗೈಯನ್ನೂ ತಂದು ಅದರ ಮೇಲೆ ಇಟ್ಲು. ಎರಡೂ ಕೈಯಲ್ಲಿ ಒತ್ತಿ ಹಿಡ್ಕೊಂಡ್ಲು. ಆಗ್ಲಿಲ್ಲ. ಎರಡೂ ಕೈ ಜಾರಿ ತೊಡೆ ಮೇಲೆ ಬಿದ್ವು. ಬಿದ್ದ ಕೈಯನ್ನ ಎತ್ತೋಕೆ ನೋಡ್ತಿದಾಳೆ, ಆಗ್ತಿಲ್ಲ. ಮೇಲಿಂದ ದನಿ ಮಾತ್ರ ನಗ್ತಾ ನಗ್ತಾ ಬಂತು, 'ಸ್ಟಾಪ್ ಬಂತು ಕಣ್ರೀ' ಅಂತ."

ಮೇಜಿನಡಿಯಿಂದ ಇಷ್ಟು ಹೇಳಿ ಅವರು ಇನ್ನೊಂದು ವೈರನ್ನು ಎಳೆದು ನೋಡುತ್ತಾರೆ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ನನ್ನ ಕಣ್ಣೂ ತುಂಬಿದೆ, ಮುಚ್ಚಿಟ್ಟುಕೊಳ್ಳಲು ಹೋಗುವುದಿಲ್ಲ. ಅವತ್ತು ಅವರು ತುಂಬಾ ಹೊತ್ತು ಮೇಜಿನಡಿಯಿಂದ ಈಚೆ ಬರಲಿಲ್ಲವಂತೆ. ವೈರು ಸಿಗುತ್ತಿಲ್ಲ ಎಂದು ಸುಳ್ಳು ಹೇಳಿದರಂತೆ. ಆಕೆ ಮೇಲಿಂದ, "ನಿಧಾನಕ್ಕೆ ನೋಡಿ, ಜನ ಇನ್ನೂ ಇಳೀತಿದಾರೆ" ಎಂದರಂತೆ.

ಕೈ ಸೋತು ಹಡಗು ನಿಲ್ಲುತ್ತಿದೆ ಎಂದು ಆಕೆ ಹೇಳಲಿಲ್ಲ. ಗೊತ್ತಾಯಿತು ಎಂದು ಇವರೂ ಹೇಳಲಿಲ್ಲ. ಮುಂದಿನ ರಜೆಯ ದಿನ ವೈರುಗಳನ್ನೆಲ್ಲ ಕಿತ್ತು ಉಲ್ಟಾ ಮಾಡಿದರು. ಹಿಡಿಯ ಜಾಗಕ್ಕೆ ಹಸಿರು ಗುಂಡಿ, ಪಕ್ಕದಲ್ಲಿ ಕೆಂಪು ಗುಂಡಿ. ಹಸಿರನ್ನು ಒಂದು ಸಲ ಮುಟ್ಟಿದರೆ ಸಾಕು, ಆಮೇಲೆ ಕೈ ಬಿಟ್ಟರೂ ಹಡಗು ಓಡುತ್ತಲೇ ಇರಬೇಕು. ಕೆಂಪು ಮುಟ್ಟುವ ತನಕ ನಿಲ್ಲಬಾರದು. "ಜೀವಮಾನದಲ್ಲೇ ಅಂಥ ವೈರಿಂಗ್ ಮಾಡಿರ್ಲಿಲ್ಲ. ಕೈ ಬರ್ತಿರ್ಲಿಲ್ಲ. ಮೇಸ್ತ್ರಿ ಹಿಂದೆ ನಿಂತು ನೋಡ್ತಿದಾರೆ ಅನ್ನಿಸ್ತಿತ್ತು" ಎಂದು ನೆನೆಸಿಕೊಳ್ಳುತ್ತಾರೆ.

ಮಾರನೆಯ ಬೆಳಿಗ್ಗೆ ಡ್ರೈವರಕ್ಕ ಹಸಿರು ಗುಂಡಿ ಮುಟ್ಟಿದರು. ಕೈ ಜಾರಿತು. ಹಡಗು ನಿಲ್ಲಲಿಲ್ಲ. ಆಕೆ ಕನ್ನಡಿಯಲ್ಲಿ ಗಂಡನನ್ನು ನೋಡಿದರು.

"ಇವತ್ತು ಸ್ಟಾಪೇ ಬರ್ಲಿಲ್ವಲ್ರೀ?"

"ಇವತ್ತಿಂದ ಇದು ಎಕ್ಸ್‌ಪ್ರೆಸ್ ಕಣೇ" ಎಂದರು ಲಿಫ್ಟಣ್ಣ.

ಇಬ್ಬರ ನಡುವೆ ಅದರ ಬಗ್ಗೆ ಆದ ಮಾತು ಅಷ್ಟೇ.

ಹಡಗು ತಾನಾಗಿ ಓಡುತ್ತದೆ ಎಂದಾದ ಮೇಲೆ ಡ್ರೈವರಕ್ಕ ದೊಡ್ಡ ಟ್ರಿಪ್ ಹಾಕಲು ನಿಂತರು. ಆ ಆಟದ ನಕ್ಷೆಯ ತುತ್ತತುದಿಯಲ್ಲಿ ಒಂದು ನಿಲ್ದಾಣವಿದೆ. ಅಲ್ಲಿ ಸರಕಿಲ್ಲ, ಲಾಭವಿಲ್ಲ, ದಾರಿಯೂ ಬೇಸರದ್ದು, ಆಟದ ಲೆಕ್ಕದಲ್ಲಲ್ಲ, ನಿಜವಾಗಿಯೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಆಡುವವರು ಯಾರೂ ಅತ್ತ ತಲೆ ಹಾಕುವುದಿಲ್ಲವಂತೆ. ಅಲ್ಲಿಗ್ಯಾಕೆ ಎಂದು ಗಂಡ ಕೇಳಿದರು. "ಅದು ಕೊನೇ ಸ್ಟಾಪ್ ರೀ. ಯಾರೂ ಹತ್ತದಿದ್ರೂ ಬಸ್ ಅಲ್ಲಿವರೆಗೂ ಹೋಗ್ಲೇಬೇಕು. ಅರ್ಧಕ್ಕೆ ಬಿಟ್ಟಿದ್ದು ಒಂದು ಟ್ರಿಪ್ ಬಾಕಿ ಇದೆಯಲ್ಲ" ಎಂದರು.

ಒಂದು ಷರತ್ತಿತ್ತು. ದಾರಿಯಲ್ಲಿ ಕಂಪ್ಯೂಟರ್ ಆರಿದರೆ ಹಡಗು ಹೊರಟ ನಿಲ್ದಾಣಕ್ಕೇ ವಾಪಸು. ಲಿಫ್ಟುಗಳಿಂದ ತೆಗೆದ ಹಳೆಯ ಬ್ಯಾಟರಿಗಳನ್ನು ಲಿಫ್ಟಣ್ಣ ಗೋಡೆಯುದ್ದಕ್ಕೂ ಜೋಡಿಸಿದರು, ಕರೆಂಟು ಹೋದರೂ ಹಡಗು ಸಾಗಲಿ ಎಂದು. ಎರಡು ಗಂಟೆ ಹೊಡೆದು ಹೊರಟೇಬಿಟ್ಟರು.

ದಾರಿಯಲ್ಲಿ ಡ್ರೈವರಕ್ಕನ ಕೈ ಪೂರ್ತಿ ಹೋಯಿತು. ದಿಕ್ಕು ಸರಿಪಡಿಸುವ ಕೆಲಸ ಗಂಡನಿಗೆ ಬಂತು. ಸೀಟಿನ ಪಕ್ಕದಲ್ಲಿ ಮಂಡಿಯೂರಿ ಕೂತು, ಆಕೆ ಹೇಳಿದಂತೆ ತಿರುಗಿಸುವುದು. "ಎಡಕ್ಕೆ ಅಂದ್ರೆ ಬಲಕ್ಕೆ ಎಳೀತಿದ್ದೆ. ಮೇಲೆ ಕೆಳಗೆ ಬಿಟ್ರೆ ನಿಮಗೆ ಬೇರೆ ದಿಕ್ಕೇ ಗೊತ್ತಿಲ್ವಲ್ಲ ಅಂತ ಬೈಯೋಳು" ಎನ್ನುವಾಗ ಅವರ ದನಿಯಲ್ಲಿ ನಗೆ ಇದೆ. ಆಮೇಲೆ ಮಾತೂ ಹೋಯಿತು. ಆಗ ಕನ್ನಡಿಗಳು ಕೆಲಸಕ್ಕೆ ಬಂದವು. ಎಡಕ್ಕೆ ತಿರುಗಿಸಬೇಕೆಂದರೆ ಎಡಗನ್ನಡಿ ನೋಡುತ್ತಿದ್ದರು, ಬಲಕ್ಕೆಂದರೆ ಬಲಗನ್ನಡಿ. ಸರಿಯಾಗಿದೆ ಅನ್ನಿಸಿದರೆ ಕಣ್ಣು ಮುಚ್ಚಿ ತೆರೆಯುತ್ತಿದ್ದರು.

ಆಕೆ ಹೋದದ್ದೂ ಆ ಸೀಟಿನಲ್ಲೇ, ಬೆಳಗಿನ ಡ್ಯೂಟಿಯಲ್ಲಿ. "ಸ್ವಲ್ಪ ಬಲಕ್ಕೆ ತಿರುಗಿಸ್ದೆ. ಸರಿಯಾ ಅಂತ ಕನ್ನಡಿ ನೋಡ್ದೆ. ಕಣ್ಣು ಮುಚ್ಚಿದ್ಲು. ಸರಿ ಅಂತ ಹೇಳ್ತಿದಾಳೆ ಅಂದ್ಕೊಂಡೆ ಮೇಡಂ. ತೆರೀತಾಳೆ ಅಂತ ನೋಡ್ತಾನೇ ಇದ್ದೆ." ಆಮೇಲೆ ಬರಬೇಕಾದವರೆಲ್ಲ ಬಂದರು, ಆಗಬೇಕಾದ್ದೆಲ್ಲ ಆಯಿತು. ಸಂಜೆ ಮನೆ ಖಾಲಿಯಾದ ಮೇಲೆ ತಾಯಿ ಮಗ ಇಬ್ಬರೂ ಈ ಕೋಣೆಗೆ ಬಂದರೆ ಪರದೆಯ ಮೇಲೆ ನಕ್ಷತ್ರಗಳು ಹಾಗೇ ಸರಿಯುತ್ತಿದ್ದವು. "ಹಳೇ ವೈರಿಂಗ್ ಇದ್ದಿದ್ರೆ ಅವತ್ತೇ ನಿಂತಿರೋದು. ಕೈ ಬಿಟ್ರೂ ನಿಲ್ಬಾರ್ದು ಅಂತ ನಾನೇ ಮಾಡಿದ್ದು. ನಿಲ್ಲಲಿಲ್ಲ" ಎನ್ನುತ್ತಾರೆ ಅವರು.

ಅಂದಿನಿಂದ ಇವರಿಬ್ಬರೂ ಆ ಹಡಗಿಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾವಲು ಕೂತಿದ್ದಾರೆ. ಮಗ ಕೆಲಸಕ್ಕೆ ಹೋದರೆ ತಾಯಿ ಸ್ಟೂಲು ಬಿಟ್ಟು ಏಳುವುದಿಲ್ಲ. ಬಿಸಿಲು ಹೆಚ್ಚಾದರೆ ಕಂಪ್ಯೂಟರಿಗೆ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಾರೆ. ಕಳೆದ ವಾರ ಕರೆಂಟು ಹೋಗಿ ಬ್ಯಾಟರಿಯೂ ಕೈಕೊಡುವ ಹಾಗಾಯಿತು. "ಲೋ, ಹಡಗು ಕೀ ಕೀ ಅಂತಿದೆ, ಓಡಿ ಬಾರೋ" ಎಂದು ತಾಯಿ ಫೋನ್ ಮಾಡಿದಾಗ ಮಗ ಯಾವುದೋ ಲಿಫ್ಟಿನ ತಲೆಯ ಮೇಲಿದ್ದರು. ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು, ಪಕ್ಕದ ಅಂಗಡಿಯಿಂದ ಬ್ಯಾಟರಿ ಹೊತ್ತು ತಂದು ಜೋಡಿಸಿದರು. ನನ್ನನ್ನು ಅವರು ಲಿಫ್ಟಿನಿಂದ ಇಳಿಸಿದ್ದು ಅದರ ಮಾರನೆಯ ದಿನ. ಅವಸರ ಯಾಕಿತ್ತು ಎಂದು ನನಗೆ ಈಗ ಅರ್ಥವಾಗಿದೆ.

ಕಿಟಕಿಯಲ್ಲಿ ಬೆಳಕು ಬಂದಿದೆ. ಲಿಫ್ಟಣ್ಣ ಮೇಜಿನಡಿಯಿಂದ ತೆವಳಿ ಹೊರಬಂದು, ಕೈ ಒರೆಸಿಕೊಂಡು ಎದ್ದು ನಿಲ್ಲುತ್ತಾರೆ. ಪರದೆಯ ನಡುವೆ ಒಂದು ಮಂಕು ದೀಪ ಕಾಣಿಸಿಕೊಂಡಿದೆ. ನೋಡನೋಡುತ್ತ ಅದು ದೊಡ್ಡದಾಗುತ್ತದೆ. ಕಬ್ಬಿಣದ ತೊಲೆಗಳು, ತುಕ್ಕು ಬಣ್ಣದ ಗೋಡೆ, ಒಂದೇ ಒಂದು ಬಾಗಿಲು. ಅದೇ ಕೊನೆಯ ನಿಲ್ದಾಣ. ಯಾರೂ ಇಲ್ಲ.

ಅವರು ಸೀಟಿನ ಹಿಂದೆ ಹೋಗಿ, ತಮ್ಮ ಜಾಗದಲ್ಲಿ ನಿಂತು, ಹಗ್ಗವನ್ನು ಒಂದು ಸಲ ಎಳೆಯುತ್ತಾರೆ. ಗಂಟೆ ಢಣ್ ಎನ್ನುತ್ತದೆ. ಹಡಗು ನಿಲ್ಲುವುದಿಲ್ಲ. ಅವರು ಹಗ್ಗ ಹಿಡಿದು ಹಾಗೇ ನಿಂತಿದ್ದಾರೆ. ದೀಪ ಹತ್ತಿರ ಬರುತ್ತಿದೆ.

"ಗುಂಡಿ ಒತ್ತಬೇಕಲ್ಲವೇ?" ಎಂದು ನಾನೇ ತಡೆಯಲಾರದೆ ಕೇಳುತ್ತೇನೆ.

"ನಾನು ಕಂಡಕ್ಟರ್ ಮೇಡಂ" ಎನ್ನುತ್ತಾರೆ. "ಬೆಲ್ ಹೊಡ್ಯೋದಷ್ಟೇ ನನ್ನ ಕೆಲ್ಸ. ನಿಲ್ಸೋದು ಡ್ರೈವರ್ ಕೆಲ್ಸ. ಅವಳ ಗಾಡಿ. ನಾನು ಹೆಂಗೆ ನಿಲ್ಲಿಸ್ಲಿ?"

ಆ ಗುಂಡಿ ಒತ್ತಿದರೆ ಆಕೆ ಬಿಟ್ಟುಹೋದದ್ದರಲ್ಲಿ ಇನ್ನೂ ಚಲಿಸುತ್ತಿರುವ ಒಂದೇ ಒಂದು ವಸ್ತು ನಿಂತುಹೋಗುತ್ತದೆ. ಒತ್ತದಿದ್ದರೆ ಆಕೆಯ ಈ ಟ್ರಿಪ್ಪೂ ಗುರಿ ಮುಟ್ಟುವುದಿಲ್ಲ. ಪರದೆಯ ತುಂಬ ಈಗ ನಿಲ್ದಾಣವೇ ಇದೆ. ನಾನೂ ಪರದೆಯತ್ತ ಎರಡು ಹೆಜ್ಜೆ ಮುಂದೆ ಬಂದಿದ್ದೇನೆ, ಆಟ ಅಂದರೆ ಅಷ್ಟಕ್ಕಷ್ಟೆ ಅನ್ನುತ್ತಿದ್ದವಳು.

ತಾಯಿ ಸ್ಟೂಲಿನಿಂದ ಎದ್ದಿದ್ದಾರೆ. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿದೆ. ಗದರುವ ದನಿಯಲ್ಲ, ತೀರಾ ಮೆತ್ತಗೆ ಹೇಳುತ್ತಾರೆ: "ಲೋ ಮಗಾ, ಕೊನೆಕೊನೆಗೆ ಅವಳ ಕೈ ನೀನೇ ಆಗಿದ್ಯಲ್ಲೋ. ಒತ್ತೋ. ನಾನು ಇಳೀಬೇಕು."

ಲಿಫ್ಟಣ್ಣ ಹಗ್ಗ ಬಿಟ್ಟು ಮುಂದೆ ಬರುತ್ತಾರೆ. ಸೀಟಿನಲ್ಲಿ ಕೂರುವುದಿಲ್ಲ. ಪಕ್ಕದಲ್ಲಿ ಮಂಡಿಯೂರಿ, ಆಗ ಕೂರುತ್ತಿದ್ದ ಹಾಗೇ ಕೂತು, ಕನ್ನಡಿಯನ್ನು ಒಮ್ಮೆ ನೋಡಿ, ಕೆಂಪು ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ನಕ್ಷತ್ರಗಳು ನಿಂತುಬಿಡುತ್ತವೆ. ಹಡಗು ನಿಲ್ದಾಣದ ಬಾಗಿಲಿಗೆ ಸರಿಯಾಗಿ, ಒಂದಿಷ್ಟೂ ಆಚೀಚೆಯಾಗದೆ ನಿಂತಿದೆ.

"ಸ್ಟಾಪ್ ಬಂತು ಕಣೇ" ಎನ್ನುತ್ತಾರೆ ಖಾಲಿ ಸೀಟಿಗೆ. ಸೀಟಿನ ತೋಳಿಗೆ ಹಣೆ ಹಚ್ಚಿ ಅಳುತ್ತಾರೆ. ತಾಯಿ ಬಂದು ಅವರ ಬೆನ್ನ ಮೇಲೆ ಕೈ ಇಡುತ್ತಾರೆ.

ಸ್ವಲ್ಪ ಹೊತ್ತಿಗೆ ಅವರ ಫೋನು ಬಡಿದುಕೊಳ್ಳುತ್ತದೆ. ಎಲ್ಲೋ ಲಿಫ್ಟು ನಿಂತಿದೆ, ಒಳಗೆ ಜನ ಇದ್ದಾರೆ. ಅವರು ಮುಖ ತೊಳೆದುಕೊಂಡು ಬಂದು ಚೀಲ ಹೆಗಲಿಗೇರಿಸುತ್ತಾರೆ. ಬಾಗಿಲಲ್ಲಿ ನಾನು ಕಂಪ್ಯೂಟರಿನ ಕಡೆ ಕೈ ತೋರಿಸಿ, ಇನ್ನು ಆರಿಸಬಹುದಲ್ಲ ಎಂದು ಕೇಳುತ್ತೇನೆ.

ಅವರು ತಿರುಗಿ ಒಮ್ಮೆ ಪರದೆಯನ್ನು ನೋಡುತ್ತಾರೆ.

"ಇರ್ಲಿ ಮೇಡಂ. ಜನ ಇಳೀಲಿ."